ಬೀಗದ ಕೈ ಯಾರ ಹತ್ತಿರ? ಆಟಿಸಂ ಇರುವವರ ಆನ್‌ಲೈನ್ ಜಗಲಿಯ ಬಗ್ಗೆ

ಶಿರಸಿಯಲ್ಲಿ ಪಾಲಕರು, ಶಿಕ್ಷಕರು ಮತ್ತು ಆಟಿಸಂ ಇರುವ ವಯಸ್ಕರ ಎದುರು ಆಡಿದ ಮಾತುಗಳನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದದ್ದು.

ಅಡಿಕೆ ಸುಲಿಯುವ ಹೊತ್ತಿನ ಜಗಲಿಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಎಂಟು-ಹತ್ತು ಜನ ಮೆಟ್ಟುಗತ್ತಿ ಹಿಡಿದು ಕೂತಿದ್ದಾರೆ. ಎಲ್ಲರ ಕಣ್ಣೂ ಕತ್ತಿಯ ಮೇಲೆ. ಮಾತು ಬಂದವರು ಆಡುತ್ತಾರೆ, ಉಳಿದವರು ಕೇಳುತ್ತಾರೆ. ಮುಖ ನೋಡಿ ಮಾತಾಡಲಿಲ್ಲ ಎಂದು ಯಾರಿಗೂ ಬೇಸರವಿಲ್ಲ. ಎರಡು ತಾಸು ತುಟಿ ಬಿಚ್ಚದೆ ಕೂತು ಎದ್ದುಹೋದವನೂ 'ಬಂದಿದ್ದ' ಎಂದೇ ಲೆಕ್ಕ. ಅದೇ ಮನುಷ್ಯನನ್ನು ಮದುವೆ ಹಾಲಿಗೆ ಕರೆದುಕೊಂಡು ಹೋಗಿ. ವಾಲಗ, ಮೈಕು, ಮಲ್ಲಿಗೆ ಮತ್ತು ಸೆಂಟಿನ ವಾಸನೆ, ಹೆಗಲ ಮೇಲೆ ಕೈ ಹಾಕುವ ನೆಂಟರು, 'ನನ್ನ ಗುರ್ತು ಸಿಕ್ತಾ?' ಎಂಬ ಪರೀಕ್ಷೆ. ಅರ್ಧ ತಾಸಿಗೆ ಅವನು ಪಾರ್ಕಿಂಗಿನಲ್ಲಿರುತ್ತಾನೆ. 'ಜನರ ಜೊತೆ ಬೆರೆಯುವುದಿಲ್ಲ' ಎಂಬ ಹೆಸರು ಅವನಿಗೆ. ಜಗಲಿಯ ಮೇಲೆ ಬೆರೆತಿದ್ದನಲ್ಲ!

ಆಟಿಸಂ ಇರುವವರಿಗೆ ಆನ್‌ಲೈನಿನಲ್ಲಿ ಅವರದ್ದೇ ಒಂದು ಜಾಗ ಬೇಕೇ ಎಂದು ಕೇಳಿದರೆ, ಬೇಕು ಎನ್ನುತ್ತೇವೆ. ಜೊತೆಗೆ ಒಂದು ಷರತ್ತು ಹಾಕುತ್ತೇವೆ: ಆ ಜಾಗದ ಬೀಗದ ಕೈ ಅವರ ಹತ್ತಿರವೇ ಇರಬೇಕು. ಇಂದಿನ ಮಾತೆಲ್ಲ ಈ ಷರತ್ತಿನ ಸುತ್ತಲೇ.

ಆಟಿಸಂ ಎಂದರೆ ಜನರೊಂದಿಗೆ ಬೆರೆಯುವ, ಮಾತಾಡುವ, ಸದ್ದು-ಸ್ಪರ್ಶ ಗ್ರಹಿಸುವ ರೀತಿಯೇ ಹುಟ್ಟಿನಿಂದ ಬೇರೆಯಾಗಿರುವುದು. ಸರ್ಕಾರಿ ಕಾಗದಗಳಲ್ಲಿ ಅದಕ್ಕೆ 'ಸ್ವಲೀನತೆ' ಎಂದಿರುತ್ತದೆ. ತನ್ನೊಳಗೇ ಲೀನವಾದವನು ಎಂಬ ಅರ್ಥ. ಇಂಗ್ಲಿಷ್ ಪದದ ಬೇರೂ ಅದೇ. ಹೊರಗಿನಿಂದ ನೋಡಿದವರು ಇಟ್ಟ ಹೆಸರು ಅದು. ನಾವು ಆಟಿಸಂ ಎಂದೇ ಹೇಳುತ್ತೇವೆ, ಊರಲ್ಲೂ ಈಗ ಅದೇ ಬಳಕೆ.

ಇಂಥ ಜಾಗ ಹೊಸತೇನಲ್ಲ. ಅಮೆರಿಕದಲ್ಲಿ 1992ರಲ್ಲಿ ಆಟಿಸಂ ಇರುವ ಜಿಮ್ ಸಿಂಕ್ಲೇರ್ ಮತ್ತು ಸಂಗಡಿಗರು ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಕಟ್ಟಿದರು. ಅಲ್ಲಿಯವರೆಗೆ ಆಟಿಸಂ ಸಭೆಗಳೆಂದರೆ ತಜ್ಞರು ಮತ್ತು ಪಾಲಕರ ಸಭೆಗಳು. ಆಟಿಸಂ ಇರುವವರು ಬಂದರೂ ವೇದಿಕೆಯ ಮೇಲಿನ ಮಾದರಿಗಳಾಗಿ ಬರುತ್ತಿದ್ದರು. ಇಮೇಲ್ ಕೈಗೆ ಸಿಕ್ಕಿದ್ದೇ ತಡ, ದಾರಿ ತೆರೆಯಿತು. 1996ರಲ್ಲಿ ನೆದರ್‌ಲೆಂಡ್ಸ್‌ನ ಮಾರ್ಟಿನ್ ಡೆಕರ್ ಶುರುಮಾಡಿದ ಇಮೇಲ್ ಬಳಗದಲ್ಲಿ ನರವ್ಯೂಹದ ವೈವಿಧ್ಯದ ವಿಚಾರ, ಅಂದರೆ ಮೆದುಳು ಕೆಲಸ ಮಾಡುವ ರೀತಿ ಒಬ್ಬೊಬ್ಬರಲ್ಲಿ ಬೇರೆ, ಬೇರೆಯಾದದ್ದೆಲ್ಲ ದೋಷವಲ್ಲ ಎಂಬ ವಿಚಾರ, ಮೊಳೆಯಿತು; ಆ ಬಳಗದಲ್ಲಿದ್ದ ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರ ತಮ್ಮ ಪ್ರಬಂಧದಲ್ಲಿ ಅದನ್ನು ಬೆಳೆಸಿದರು. 2004ರಲ್ಲಿ ಇಬ್ಬರು ಹದಿಹರೆಯದ ಹುಡುಗರು ರಾಂಗ್ ಪ್ಲಾನೆಟ್ ಎಂಬ ಆನ್‌ಲೈನ್ ವೇದಿಕೆ ತೆರೆದರು. 2013ರಲ್ಲಿ ಕೆನಡಾದ ಸ್ಟುವರ್ಟ್ ಡಂಕನ್ ಎಂಬ, ತಾವೂ ಆಟಿಸಂ ಇರುವ ತಂದೆಯೊಬ್ಬರು, ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಆಟಿಸಂ ಇರುವ ಮಕ್ಕಳಿಗೆ ಮತ್ತು ಅವರ ಮನೆಯವರಿಗೆಂದೇ ಆಟ್‌ಕ್ರಾಫ್ಟ್ ಎಂಬ ಸರ್ವರ್ ಮಾಡಿದರು. ಅನುಮತಿ ಪಡೆದವರಿಗೆ ಮಾತ್ರ ಅದರೊಳಗೆ ಪ್ರವೇಶ.

ಸಿಂಕ್ಲೇರ್ ಬಳಗ 1996ರಿಂದ ನಡೆಸಿದ ಬೇಸಿಗೆ ಶಿಬಿರದ ಒಂದು ಪದ್ಧತಿ ಎರವಲು ತರುವಂಥದು. ಅಲ್ಲಿ ಕೊರಳಿಗೆ ಬಣ್ಣದ ಚೀಟಿ ಹಾಕಿಕೊಳ್ಳುತ್ತಿದ್ದರು. ಕೆಂಪು: ಯಾರೂ ಮಾತಾಡಿಸಬೇಡಿ. ಹಳದಿ: ಮೊದಲೇ ಪರಿಚಯ ಇದ್ದವರು ಮಾತ್ರ ಮಾತಾಡಿಸಿ. ಹಸಿರು: ಮಾತಾಡುವ ಆಸೆಯಿದೆ, ಶುರುಮಾಡುವುದು ಕಷ್ಟ, ನೀವೇ ಬನ್ನಿ. ಹಸಿರು ಚೀಟಿಯ ಅರ್ಥವನ್ನು ಇನ್ನೊಮ್ಮೆ ಓದಿ. 'ಒಬ್ಬನೇ ಇರುವುದೇ ಅವನಿಗೆ ಇಷ್ಟ' ಎಂದು ನಾವು ತೀರ್ಮಾನಿಸಿದವರಲ್ಲಿ ಹಸಿರು ಚೀಟಿಯವರು ಎಷ್ಟಿದ್ದರೋ.

ಸಂಶೋಧನೆ ಏನು ಹೇಳುತ್ತದೆ? ಬ್ರಿಟನ್ನಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯ ದೋಷ. ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗುವುದು ಎಷ್ಟು ಕಷ್ಟವೋ ಉಳಿದವರಿಗೆ ಇವರು ಅರ್ಥವಾಗುವುದೂ ಅಷ್ಟೇ ಕಷ್ಟ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ತಂಡ ಕಿವಿಯಿಂದ ಕಿವಿಗೆ ಕತೆ ದಾಟಿಸುವ ಆಟದಂಥ ಪ್ರಯೋಗ ಮಾಡಿತು. 72 ಜನ, ಸಾಲಿಗೆ ಎಂಟು ಮಂದಿ. ಆಟಿಸಂ ಇರುವವರಷ್ಟೇ ಇದ್ದ ಸಾಲಿನಲ್ಲಿ ಕತೆ ಉಳಿದವರ ಸಾಲಿನಲ್ಲಿ ದಾಟಿದಷ್ಟೇ ಚೆನ್ನಾಗಿ ದಾಟಿತು. ಬೆರಕೆ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. ಆದರೆ 311 ಜನರೊಂದಿಗೆ ಇದನ್ನೇ ಮತ್ತೆ ಮಾಡಿ 2025ರಲ್ಲಿ ಪ್ರಕಟಿಸಿದಾಗ ಮೂರು ಬಗೆಯ ಸಾಲಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ 'ಅವರವರೇ ಇದ್ದರೆ ಎಲ್ಲ ಸಲೀಸು' ಎಂದು ಭಾಷಣ ಮಾಡುವವರನ್ನು ನಂಬಬೇಡಿ. ಎರಡೂ ಸಲ ನಿಂತ ಅಂಶ ಇಷ್ಟು: ತಮ್ಮವರ ನಡುವೆ ಆಟಿಸಂ ಇರುವವರ ಮಾತುಕತೆ ಸೊಟ್ಟಗಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14 ಲಕ್ಷ 37 ಸಾವಿರ. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಆಟಿಸಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಕೊಡುತ್ತಿದ್ದ ಅಂದಾಜು. ಆ ಲೆಕ್ಕ ಹಿಡಿದರೆ ಜಿಲ್ಲೆಯಲ್ಲಿ ಹದಿನಾಲ್ಕು ಸಾವಿರದಷ್ಟು ಜನ. ಆದರೆ ಅವರು ಹನ್ನೆರಡು ತಾಲೂಕುಗಳಲ್ಲಿ, ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಜಾಗದಲ್ಲಿ, ಮಧ್ಯೆ ಘಟ್ಟ ಇಟ್ಟುಕೊಂಡು ಹರಡಿದ್ದಾರೆ. ಜೋಯಿಡಾದ ಹಳ್ಳಿಯ ಹುಡುಗಿ, ಭಟ್ಕಳದ ಅಂಗಡಿಯ ಹುಡುಗ, ಸಿದ್ದಾಪುರದ ತೋಟದ ಮನೆಯ ಐವತ್ತರ ಗೃಹಸ್ಥರು ತಿಂಗಳಿಗೊಮ್ಮೆ ಕಾರವಾರದಲ್ಲಿ ಸೇರಲಿ ಎನ್ನುವುದು ಹೇಳಲು ಸುಲಭ. ಶಿರಸಿಯಿಂದಲೇ ಬಸ್ಸಿನಲ್ಲಿ ಮೂರು ತಾಸಿಗೆ ಕಡಿಮೆಯಿಲ್ಲ. ಡೀಸೆಲ್ ಹೊಗೆ, ಹಾರನ್ನು, ಘಟ್ಟದ ತಿರುವು, ಪಕ್ಕದವರ ಮೈ ತಾಗುವುದು, ಇಷ್ಟನ್ನು ತಾಳಿಕೊಂಡು ಬಂದವರಲ್ಲಿ ಮಾತಾಡುವ ಚೈತನ್ಯ ಎಲ್ಲಿ ಉಳಿದಿರುತ್ತದೆ? ಬೆಂಗಳೂರಿನಲ್ಲಾದರೆ ಭೇಟಿಯ ಕೂಟ ನಡೆದೀತು. ನಮ್ಮಲ್ಲಿ ಆನ್‌ಲೈನ್ ಎಂಬುದೇ ಹತ್ತಿರದ ದಾರಿ.

ಆದರೆ ಇದು ಪಂಕ್ತಿಭೇದ ಆಗುವುದಿಲ್ಲವೇ? ಈ ಪ್ರಶ್ನೆ ಬರುತ್ತದೆ, ಬರಬೇಕು ಕೂಡ. ಬೇರೆ ಪಂಕ್ತಿಯಲ್ಲಿ ಕೂರಿಸಿದ ನೆನಪು ಈ ನೆಲದಲ್ಲಿ ಅಷ್ಟು ಹಳೆಯದಲ್ಲ. ಅದಕ್ಕೆಂದೇ ಷರತ್ತು. ಯಜಮಾನರು 'ನೀನು ಆಚೆ ಕೂರು' ಅಂದರೆ ಪಂಕ್ತಿಭೇದ. ಊಟ ಮುಗಿಸಿ ನಾವಾಗಿಯೇ ಎದ್ದು ನಮ್ಮ ಜಗಲಿಗೆ ಹೋದರೆ, ಬೇಕಾದಾಗ ಒಳಗೆ ಬರುವ ಬಾಗಿಲು ತೆರೆದಿದ್ದರೆ, ಅದಲ್ಲ. ಶಾಲೆಯವರು 'ನಿಮ್ಮ ಮಗನಿಗೆ ಅವರದ್ದೇ ಗುಂಪಿದೆಯಲ್ಲ' ಎಂದು ಹೇಳಿ ವಾರ್ಷಿಕೋತ್ಸವದಿಂದ ಕೈಬಿಟ್ಟರೆ ಆ ಗುಂಪನ್ನು ದುರ್ಬಳಕೆ ಮಾಡಿಕೊಂಡಂತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಆಟಿಸಂ ಇದೆ. ಎಲ್ಲರ ಜೊತೆ ಕಲಿಯುವ ಹಕ್ಕು ಪ್ರತ್ಯೇಕ ಗುಂಪು ಇದ್ದ ಮಾತ್ರಕ್ಕೆ ತೇಲಿಹೋಗುವುದಿಲ್ಲ.

ಇನ್ನು ಕಟ್ಟುವ ಕೆಲಸ. ಮೊದಲ ತಪ್ಪು ಆಗುವುದು ವಾಟ್ಸಾಪಿನಿಂದ. ಎಲ್ಲರ ಫೋನಿನಲ್ಲೂ ಇದೆ ಎಂದು ಅಲ್ಲೇ ಗುಂಪು ಮಾಡುತ್ತಾರೆ. ಸಾಮಾನ್ಯ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಯಾರೋ ಒಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆಂದು ಮರುದಿನ ಮೂವರು ಗುಂಪು ಬಿಟ್ಟಿರುತ್ತಾರೆ. ನೀಲಿ ಗುರುತನ್ನು ಒಬ್ಬರೊಡನೆಯ ಮಾತುಕತೆಯಲ್ಲಿ ನಿಲ್ಲಿಸಬಹುದು, ಗುಂಪಿನಲ್ಲಿ ನಿಲ್ಲಿಸಲಾಗದು. ಓದಿಯೂ ಉತ್ತರಿಸಲಿಲ್ಲ ಎಂಬ ಕೊರಗು ಒಬ್ಬರಿಗೆ, ಓದಿದ್ದೇನೆಂದು ಗೊತ್ತಾಗಿಬಿಟ್ಟಿತಲ್ಲ ಎಂಬ ದಿಗಿಲು ಇನ್ನೊಬ್ಬರಿಗೆ. ಎಲ್ಲ ವಿಷಯ ಒಂದೇ ಹೊಳೆಯಲ್ಲಿ ಹರಿಯುವುದರಿಂದ ನಿನ್ನೆಯ ಪ್ರಶ್ನೆ ಇಂದಿನ ಗುಡ್ ಮಾರ್ನಿಂಗ್ ಹೂವಿನಡಿ ಹೂತಿರುತ್ತದೆ.

ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಟ್ಟು ಅಡ್ಡಹೆಸರಿನಲ್ಲಿ ಇರಬಹುದು, ಗುಂಪಿನೊಳಗೆ ವಿಷಯವಾರು ಕೋಣೆ ಮಾಡಬಹುದು, ನಿಧಾನಗತಿ ಹಾಕಿದರೆ ಒಬ್ಬರು ಒಮ್ಮೆ ಬರೆದ ಮೇಲೆ ಕೆಲವು ಸೆಕೆಂಡಿನಿಂದ ಒಂದು ತಾಸಿನವರೆಗೆ ಮತ್ತೆ ಬರೆಯಲಾಗದಂತೆ ತಡೆಯಬಹುದು. ಡಿಸ್ಕಾರ್ಡ್ ಎಂಬ ಆಪಿನಲ್ಲಿ ಕೋಣೆಗಳ ವ್ಯವಸ್ಥೆ ಇನ್ನೂ ಚೆನ್ನ, ನಿಧಾನಗತಿ ಆರು ತಾಸಿನವರೆಗೂ ಹೋಗುತ್ತದೆ. ಆದರೆ ಬಟನ್ನುಗಳ ಜಾತ್ರೆ, ಹಳೆ ಫೋನಿಗೆ ಭಾರ. ಎರಡರಲ್ಲೂ ಗುಂಪಿನಲ್ಲಿ ಬರೆದದ್ದಕ್ಕೆ ಕೊನೆಯಿಂದ ಕೊನೆಗೆ ಗುಪ್ತಲಿಪಿ ಇಲ್ಲ, ಅಂದರೆ ಕಂಪನಿಗೆ ಓದಲು ಸಾಧ್ಯ. ಸದಸ್ಯರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದೆ, ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಯಲ್ಲಾಪುರ-ಜೋಯಿಡಾ ಕಡೆಯವರು ಹೆಚ್ಚಿದ್ದರೆ ಹಳೆಯ ಇಮೇಲ್ ಬಳಗವೇ ವಾಸಿ. ಬರೆಹ ಕಾಯುತ್ತದೆ. 'ಲೈವ್' ಕಾಯುವುದಿಲ್ಲ. ಹಾಗಾಗಿ ಮುಖ್ಯ ಮಾತುಕತೆ ಬರಹದಲ್ಲೇ, ಯಾವಾಗ ಬೇಕಾದರೂ ಉತ್ತರಿಸುವಂತಿರಲಿ.

ಶುರುವಿಗೆ ನಾಲ್ಕು ಕೋಣೆ ಸಾಕು. ನಿಯಮ ಮತ್ತು ಸೂಚನೆಗೆ ಒಂದು. ಆಸಕ್ತಿಗೆ ಒಂದು: ಕೊಂಕಣ ರೈಲ್ವೆಯ ವೇಳಾಪಟ್ಟಿ, ಕಾಳಿ ನದಿಯ ಅಣೆಕಟ್ಟುಗಳು, ಯಕ್ಷಗಾನದ ತಾಳಗಳು, ಹಾರ್ನ್‌ಬಿಲ್, ಯಾರಿಗೆ ಏನು ಹುಚ್ಚೋ ಅದು. ಕಷ್ಟ-ಸುಖಕ್ಕೆ ಒಂದು. ನಾಲ್ಕನೆಯದು ಸುಮ್ಮನೆ ಇರಲು: 'ಪಾತ್ರೆ ತೊಳೆಯುತ್ತಿದ್ದೇನೆ', 'ಓದಲು ಕೂತೆ' ಎಂದಷ್ಟೇ ಬರೆದು ತಮ್ಮ ಕೆಲಸ ಮಾಡಿಕೊಂಡಿರುವ ಕೋಣೆ. ಅಡಿಕೆ ಜಗಲಿ ಅಂದೆವಲ್ಲ, ಅದು ಇದೇ. ನಡೆಸುವವರು ಮೊದಲು ಕಿತ್ತುಹಾಕುವುದೂ ಇದನ್ನೇ, 'ಇಲ್ಲೇನೂ ನಡೆಯುತ್ತಿಲ್ಲ' ಎಂದು. ಹಾಗೆಯೇ ಆರು ತಿಂಗಳಿಂದ ಒಂದು ಸಾಲೂ ಬರೆಯದವರನ್ನು ತೆಗೆದುಹಾಕುವ ಶುಚಿಕಾರ್ಯವೂ ಬೇಡ. ಅವರು ಓದುತ್ತಿರುತ್ತಾರೆ.

ಆಸಕ್ತಿಯ ಕೋಣೆಯನ್ನು ಕೀಳಾಗಿ ನೋಡಬೇಡಿ. ಹೊಸಬರಿಗೆ 'ನಿಮ್ಮ ಬಗ್ಗೆ ಹೇಳಿ' ಅಂದರೆ ಪರದೆ ಖಾಲಿಯೇ ಉಳಿಯುತ್ತದೆ. 'ಮಡಗಾಂವ್ ಕಡೆಗೆ ಹೋಗುವ ಪ್ಯಾಸೆಂಜರ್ ಗೋಕರ್ಣ ರೋಡಿನಲ್ಲಿ ಯಾಕೆ ನಿಂತುಬಿಡುತ್ತದೆ' ಎಂದು ಕೇಳಿ, ಒಂಟಿ ಹಳಿ, ಎದುರು ಗಾಡಿಯ ಕ್ರಾಸಿಂಗ್ ಎಂದು ಎರಡು ಪುಟ ಬರುತ್ತದೆ. ಪರಿಚಯ ಆಗುವುದು ಹಾಗೆ.

ನಿಯಮ ಬರೆಯುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. 'ಗೌರವದಿಂದ ನಡೆದುಕೊಳ್ಳಿ' ಎಂಬುದು ನಿಯಮವಲ್ಲ, ಹಾರೈಕೆ. ಎಷ್ಟು, ಯಾವಾಗ, ಏನು ಎಂದು ಅಳೆದು ಬರೆಯಬೇಕು. 'ಒಬ್ಬರಿಗೆ ಖಾಸಗಿಯಾಗಿ ಬರೆಯುವ ಮುಂಚೆ ಗುಂಪಿನಲ್ಲಿ ಕೇಳಿ. ಹೂಂ ಅಂದರೆ ಮಾತ್ರ ಬರೆಯಿರಿ. ಉತ್ತರ ಬರದಿದ್ದರೆ 72 ತಾಸು ಕಾಯಿರಿ, ಒಮ್ಮೆ ನೆನಪಿಸಿ, ಎರಡನೇ ಸಲ ಬೇಡ. ಒಪ್ಪದಿದ್ದರೆ ಬರೆದ ಮಾತಿನ ಬಗ್ಗೆ ಬರೆಯಿರಿ. ಬರೆದವರ ಬುದ್ಧಿ, ಜಾತಿ, ಮನೆತನ, ರೂಪ ಎತ್ತಬೇಡಿ.' ಇಂಥ ಏಳೆಂಟು ಸಾಲು ಒಂದು ಪುಟ ಮೀರದಂತೆ.

ಮಾತಿನ ಧಾಟಿಗೂ ಗುರುತು ಬೇಕು. ನಮ್ಮ ಕಡೆ ಹೊರಡುವವರು 'ಬರ್ತೆ' ಅನ್ನುತ್ತಾರೆ, ಹೋಗುತ್ತಾರೆ. 'ಊಟ ಆಯ್ತಾ?' ಅನ್ನುತ್ತಾರೆ, ಊಟಕ್ಕೆ ಕರೆಯುವುದಿಲ್ಲ. 'ನೀನು ಭಾರಿ ಶಾಣ್ಯಾ ಬಿಡು' ಎಂಬುದು ಹೊಗಳಿಕೆಯೋ ಚುಚ್ಚೋ ಎಂಬುದು ದನಿಯಲ್ಲಿರುತ್ತದೆ, ಅಕ್ಷರದಲ್ಲಿ ದನಿ ಇಲ್ಲ. ಆದ್ದರಿಂದ ಸಾಲಿನ ಕೊನೆಗೆ 'ತಮಾಷೆ', 'ನಿಜವಾಗಿ ಕೇಳುತ್ತಿದ್ದೇನೆ', 'ಸಲಹೆ ಬೇಡ, ಕೇಳಿಸಿಕೊಂಡರೆ ಸಾಕು' ಎಂದು ಸೇರಿಸುವ ರೂಢಿ ಮಾಡಿ. ಕೊನೆಯ ಗುರುತಂತೂ ಅರ್ಧ ಜಗಳಗಳನ್ನು ಹುಟ್ಟುವ ಮೊದಲೇ ನಿಲ್ಲಿಸುತ್ತದೆ. ಒಬ್ಬರು ಸಂಕಟ ತೋಡಿಕೊಂಡಾಗ ಮತ್ತೊಬ್ಬರು ತಕ್ಷಣ ಐದು ಪರಿಹಾರ ಕೊಡುವುದು ಅಕ್ಕರೆಯಿಂದಲೇ. ಅಲ್ಲೇ ಮುನಿಸೂ ಶುರು.

ವಿಡಿಯೊ ಕೂಟ ಬೇಕೇ ಬೇಕು ಅನ್ನುವವರಿದ್ದರೆ, ಕ್ಯಾಮೆರಾ ಮುಚ್ಚಿರುವುದೇ ವಾಡಿಕೆಯಾಗಲಿ, ಬರೆದು ಹೇಳುವ ಮಾತಿಗೆ ಬಾಯಿಮಾತಿನಷ್ಟೇ ಬೆಲೆ ಇರಲಿ. ಎರಡು ದಿನ ಮೊದಲೇ ವಿಷಯ ಮತ್ತು ಹೊತ್ತು ಕಳಿಸಿ. 40 ನಿಮಿಷ ಸಾಕು. ತಾಳಮದ್ದಲೆಯಲ್ಲಿ ಭಾಗವತರ ಪದ ಮುಗಿದ ಮೇಲೆ ಅರ್ಥ ಶುರುವಾಗುವುದು ಎಲ್ಲರಿಗೂ ಗೊತ್ತಲ್ಲ. ಇಲ್ಲೂ ಸರದಿಯನ್ನು ಒಬ್ಬರು ಹೆಸರು ಹಿಡಿದು ಕರೆದು ಕೊಡಲಿ. ಕರೆದ ಮೇಲೆ ಹತ್ತು ಸೆಕೆಂಡು ತೆಪ್ಪಗಿರಿ. ಹತ್ತು ಸೆಕೆಂಡು ಎಷ್ಟು ಉದ್ದ ಎಂಬುದು ಎಣಿಸಿದವರಿಗೇ ಗೊತ್ತು.

ಒಳಗೆ ಯಾರನ್ನು ಬಿಡಬೇಕು? ಪ್ರಮಾಣಪತ್ರ ಕೇಳಬೇಡಿ. ಭಾರತದಲ್ಲಿ ಬಳಸುವ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ, 70 ಅಂಕ ಮುಟ್ಟಿದರೆ ಆಟಿಸಂ. ಅದು ಮಕ್ಕಳನ್ನು ಕಣ್ಣಲ್ಲಿಟ್ಟುಕೊಂಡು ಮಾಡಿದ್ದು. ಮೂವತ್ತೈದರ ಹೆಂಗಸು, ಮೂರು ದಶಕ ಎಲ್ಲರಂತೆ ನಟಿಸಿ ಪಳಗಿದವಳು, ಧಾರವಾಡಕ್ಕೋ ಮಣಿಪಾಲಕ್ಕೋ ಹೋಗಿ ಕಾಗದ ತರುವುದು ದುಡ್ಡಿನ, ಮನೆಯವರ ಒಪ್ಪಿಗೆಯ ಪ್ರಶ್ನೆ. ಅಲ್ಲದೆ ಕಾಗದ ಸಂಗ್ರಹಿಸಿದರೆ ಅದನ್ನು ಕಾಯುವ ಹೊಣೆಯೂ ನಿಮ್ಮ ತಲೆಗೇ. ಮೂರು ಪ್ರಶ್ನೆಗೆ ಬರೆದು ಉತ್ತರಿಸಲಿ: ಯಾಕೆ ಸೇರುತ್ತೀರಿ, ನಿಯಮದಲ್ಲಿ ಯಾವುದು ಅರ್ಥವಾಗಲಿಲ್ಲ, ತಪ್ಪಾದರೆ ನಿಮಗೆ ಹೇಗೆ ತಿಳಿಸಬೇಕು. ಹಾಳುಮಾಡಲು ಬಂದವರು ಎರಡನೇ ಪ್ರಶ್ನೆಯಲ್ಲೇ ಗೊತ್ತಾಗುತ್ತಾರೆ, ನಿಯಮ ಓದಿರುವುದಿಲ್ಲ.

ಪಾಲಕರಿಗೆ ಬೇರೆ ಗುಂಪು ಇರಲಿ. ಇಲ್ಲಿ ಕೂತ ಅಪ್ಪ-ಅಮ್ಮಂದಿರಿಗೆ ಇದು ಕಹಿ ಎಂದು ಗೊತ್ತಿದೆ. ಆದರೆ ಮಗ ಅಂಗಡಿಯಲ್ಲಿ ನೆಲಕ್ಕೆ ಬಿದ್ದು ಅತ್ತ ವಿಡಿಯೊ ಹಾಕಿ 'ಏನು ಮಾಡಲಿ' ಎಂದು ನೀವು ಕೇಳಿದ ಗುಂಪಿನಲ್ಲಿ, ಹಾಗೇ ಬಿದ್ದು ಅತ್ತಿದ್ದ ಒಬ್ಬರು ಓದುತ್ತಾ ಕೂತಿರುತ್ತಾರೆ. ನಿಮ್ಮ ಮಗನೂ ಒಂದು ದಿನ ಇಪ್ಪತ್ತರವನಾಗಿ ಅದನ್ನು ಹುಡುಕಿಯಾನು. ಎರಡು ಗುಂಪಿನ ನಡುವೆ ಒಂದು ಕಿಟಕಿ ಇರಲಿ: ವಾರಕ್ಕೊಮ್ಮೆ ಪಾಲಕರ ಪ್ರಶ್ನೆಗಳನ್ನು ಒಟ್ಟುಮಾಡಿ ಕೊಡಿ, ಮನಸ್ಸಿದ್ದವರು ಉತ್ತರಿಸಲಿ. ಮಾರ್ಗದರ್ಶನ ಅವರ ಉದ್ಯೋಗವಲ್ಲ.

ಹದಿನೆಂಟು ತುಂಬದವರದ್ದು ಪೂರ್ತಿ ಬೇರೆ ಜಾಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪಾಲಕರ ಖಚಿತ ಒಪ್ಪಿಗೆ ಕೇಳುತ್ತದೆ. ಕಾನೂನುಬದ್ಧ ಪೋಷಕರು ನೇಮಕವಾಗಿರುವ ವಿಕಲಚೇತನರ ವಿಷಯದಲ್ಲೂ ಆ ಪೋಷಕರ ಒಪ್ಪಿಗೆ ಬೇಕು. ಇದನ್ನು ತಪ್ಪಾಗಿ ಓದಿ ಆಟಿಸಂ ಇರುವ ಎಲ್ಲ ವಯಸ್ಕರಿಂದಲೂ ಅಪ್ಪನ ಸಹಿ ಕೇಳುವವರಿದ್ದಾರೆ. ಪೋಷಕರ ನೇಮಕ ಸಾಮಾನ್ಯವಾಗಿ ಆಗುವುದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಯಿಂದ. ಪೋಷಕರೇ ನೇಮಕವಾಗದಿದ್ದರೆ ವಯಸ್ಕರ ಒಪ್ಪಿಗೆ ವಯಸ್ಕರದ್ದೇ. ಮಕ್ಕಳ ಜಾಗದಲ್ಲಿ ಖಾಸಗಿ ಸಂದೇಶ ಮುಚ್ಚಿರಲಿ, ಯಾವಾಗಲೂ ಇಬ್ಬರು ದೊಡ್ಡವರ ಕಣ್ಣಿರಲಿ. ಒಬ್ಬರಲ್ಲ, ಇಬ್ಬರು.

ಕೆಡುವುದು ಎಲ್ಲಿಂದ? ಹೆಚ್ಚಿನ ಸಲ ನಡೆಸುವವರಿಂದ. ಒಬ್ಬರೇ ಅಡ್ಮಿನ್ ಆದರೆ ಅವರು ಸುಸ್ತಾದ ದಿನ ಗುಂಪೂ ಸತ್ತಂತೆ. ಮೂವರಿರಲಿ, ಹೆಚ್ಚಿನವರು ಆಟಿಸಂ ಇರುವವರೇ ಆಗಿರಲಿ, ಒಬ್ಬರಿಗೆ ಮೂರು ವಾರಕ್ಕೊಮ್ಮೆ ಪೂರ್ತಿ ರಜೆ. ಯಾರದ್ದಾದರೂ ಬರಹ ತೆಗೆದರೆ ಸುಮ್ಮನೆ ಮಾಯಮಾಡಬೇಡಿ. ಯಾವ ಸಾಲು, ಯಾವ ನಿಯಮ, ಮುಂದೇನು ಎಂದು ಖಾಸಗಿಯಾಗಿ ಬರೆಯಿರಿ. ಶಾಲೆಯಲ್ಲಿ, ಆಫೀಸಿನಲ್ಲಿ ಕಾರಣ ಹೇಳದೆ ಹೊರಗಿಟ್ಟ ಅನುಭವ ಇವರಲ್ಲಿ ಎಷ್ಟೋ ಜನರಿಗಿದೆ; ಕಾರಣವಿಲ್ಲದ ಅಳಿಸುವಿಕೆ ಆ ಗಾಯದ ಮೇಲೇ ಬೀಳುತ್ತದೆ. ಎರಡನೇ ಸಲ ಒಂದು ದಿನ ಬರೆಯುವಂತಿಲ್ಲ, ಮೂರನೇ ಸಲ ಒಂದು ವಾರ, ಆಮೇಲೆ ಹೊರಗೆ. ಮೇಲ್ಮನವಿಯನ್ನು ತೀರ್ಮಾನ ಮಾಡದಿದ್ದ ಮೂರನೆಯವರು ಕೇಳಲಿ. ಸಿಟ್ಟಿನಲ್ಲಿ ಬಾಗಿಲು ಬಡಿದು ಹೋದವರು ಎರಡು ದಿನ ಬಿಟ್ಟು ಬಂದರೆ, ಬೈದು ಹೋಗಿಲ್ಲದಿದ್ದರೆ, ಕ್ಷಮೆ ಕೇಳಿಸದೆ ಒಳಗೆ ಬಿಡಿ.

ಹೊರಗಿನಿಂದ ಬರುವ ಕೇಡು ಬೇರೆ. 'ಗುಣಪಡಿಸುತ್ತೇವೆ' ಎಂಬ ವ್ಯಾಪಾರಿಗಳು ಇಂಥ ಗುಂಪಿಗೆ ಇರುವೆಯಂತೆ ಬರುತ್ತಾರೆ. ಆಟಿಸಂಗೆ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಬೇಡ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ. ಕ್ಲೋರಿನ್ ಡೈಆಕ್ಸೈಡ್ ಕುಡಿಸುವ 'ಔಷಧ'ವಂತೂ ಬಟ್ಟೆ ಬಿಳುಪು ಮಾಡುವ ರಾಸಾಯನಿಕ; ಅಮೆರಿಕದ ಔಷಧ ಇಲಾಖೆ 2019ರಲ್ಲಿ ಬಹಿರಂಗ ಎಚ್ಚರಿಕೆ ಕೊಟ್ಟಿತ್ತು. ಇಂಥದ್ದು ಕಂಡರೆ ಚರ್ಚೆಗೆ ಬಿಡಬೇಡಿ, ಮೊದಲು ತೆಗೆಯಿರಿ. ಇನ್ನೊಂದು, ಸ್ನೇಹ ಬೆಳೆಸಿ ಸಾಲ ಕೇಳುವವರು. ಮಾತನ್ನು ಹಾಗೆಹಾಗೇ ನಂಬುವ ಜನ ಇಲ್ಲಿ ಹೆಚ್ಚು. 'ಗುಂಪಿನಲ್ಲಿ ಯಾರೂ ಯಾರಿಗೂ ಒಂದು ರೂಪಾಯಿಯನ್ನೂ ಕಳಿಸಕೂಡದು' ಎಂದು ನಿಯಮದಲ್ಲೇ ಬರೆಯಿರಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

ಯಾರಾದರೂ ಸಾಯುವ ಮಾತು ಬರೆದರೆ? ಗುಂಪಿನಲ್ಲಿ ಎಲ್ಲರೂ ಸಮಾಧಾನ ಹೇಳಲು ನುಗ್ಗುವುದನ್ನು ತಡೆಯಿರಿ. ಒಬ್ಬ ಅಡ್ಮಿನ್ ಖಾಸಗಿಯಾಗಿ ನೇರವಾಗಿ ಕೇಳಲಿ: 'ಈಗ ಸಾಯುವ ಯೋಚನೆ ಇದೆಯೇ? ಹತ್ತಿರ ಯಾರಿದ್ದಾರೆ?' ಸುತ್ತುಬಳಸಿ ಕೇಳಿದರೆ ಸುತ್ತುಬಳಸಿನ ಉತ್ತರವೇ ಸಿಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕನ್ನಡದಲ್ಲೂ ಇದೆ. ಜೀವಕ್ಕೆ ಕೂಡಲೇ ಅಪಾಯವಿದ್ದರೆ 112. ಆದರೆ ಫೋನ್ ಎತ್ತಿ ಮಾತಾಡುವುದೇ ಇವರಲ್ಲಿ ಎಷ್ಟೋ ಜನರಿಗೆ ಆಗದ ಕೆಲಸ. ಆದ್ದರಿಂದ ಸೇರುವಾಗಲೇ, ಇಷ್ಟವಿದ್ದರೆ, 'ನನ್ನ ಪರವಾಗಿ ಯಾರಿಗೆ ತಿಳಿಸಬೇಕು' ಎಂಬ ಒಂದು ಹೆಸರು-ನಂಬರ್ ಕೊಟ್ಟಿಟ್ಟಿರಲಿ. ಅದನ್ನು ಇಬ್ಬರು ಅಡ್ಮಿನ್‌ಗಳು ಮಾತ್ರ ನೋಡಬಹುದು.

ಈ ಇಡೀ ವ್ಯವಸ್ಥೆಯ ಮೇಲೆ ಗಟ್ಟಿಯಾದ ಆಕ್ಷೇಪ ಒಂದೇ ಎಂದು ನಮಗನಿಸುತ್ತದೆ: ಚೆನ್ನಾಗಿ ಟೈಪ್ ಮಾಡುವವರದ್ದೇ ಇಲ್ಲಿ ರಾಜ್ಯ. ಮಾತು ಬಾರದವರು, ಬೌದ್ಧಿಕ ತೊಡಕೂ ಇರುವವರು, ಮನೆಯಲ್ಲಿ ಕೊಂಕಣಿ, ನವಾಯತಿ, ಮರಾಠಿ ಆಡಿ ಕನ್ನಡ ಬರಹದಲ್ಲಿ ಹಿಂದಿರುವವರು ಹೊರಗೇ ಉಳಿಯುತ್ತಾರೆ. ಪೂರ್ತಿ ಪರಿಹಾರವಿಲ್ಲ. ಧ್ವನಿ ತುಣುಕು, ಫೋಟೊ, ಚಿತ್ರ ಒತ್ತಿ ಮಾತಾಡುವ ಆಪಿನ ಸಾಲು ಇವೆಲ್ಲಕ್ಕೂ ಜಾಗ ಕೊಡಿ. ಧ್ವನಿ ಕಳಿಸಿದರೆ ಕೆಳಗೆ ಎರಡು ಸಾಲು ಬರೆಯುವ ಕೆಲಸವನ್ನು ಯಾರಾದರೂ ವಹಿಸಿಕೊಳ್ಳಲಿ. ಸಹಾಯಕರು ಬರೆಯುತ್ತಿದ್ದರೆ ಯಾರ ಮಾತು, ಯಾರ ಬೆರಳು ಎಂದು ತಿಳಿಸಲಿ. ಕೈ ಹಿಡಿದು ಟೈಪ್ ಮಾಡಿಸುವ ಪದ್ಧತಿಯೊಂದಿದೆ. ಪರೀಕ್ಷೆಗೆ ಒಡ್ಡಿದಾಗಲೆಲ್ಲ ಆ ಮಾತು ಹಿಡಿದವರದ್ದೇ ಎಂದು ಕಂಡಿದೆ. ಅದಕ್ಕೆ ಇಲ್ಲಿ ಅವಕಾಶ ಕೊಡಬೇಡಿ. ಬೀಗದ ಕೈ ಎಂದದ್ದು ಬೆರಳಿನ ವಿಷಯಕ್ಕೂ ಸಲ್ಲುತ್ತದೆ.

ಕೊನೆಗೆ ಮುಚ್ಚುವ ವಿಚಾರ, ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಇಂಥ ಗುಂಪುಗಳು ಮೂರು-ನಾಲ್ಕು ವರ್ಷಕ್ಕೆ ಸೊರಗುವುದು ಸಹಜ. ಸೊರಗಿದರೆ 30 ದಿನ ಮೊದಲು ತಾರೀಖು ಹಾಕಿ ತಿಳಿಸಿ. ತಮ್ಮ ಬರಹ ಬೇಕಾದವರು ಇಳಿಸಿಕೊಳ್ಳಲಿ. ಬೇರೆಯವರ ಜೊತೆ ಸಂಪರ್ಕ ಉಳಿಸಿಕೊಳ್ಳುವವರು ಒಬ್ಬರಿಗೊಬ್ಬರು ಒಪ್ಪಿಗೆ ಕೇಳಿ ನಂಬರ್ ಪಡೆಯಲಿ. 31ನೇ ದಿನ ತುರ್ತು ನಂಬರ್‌ಗಳ ಪಟ್ಟಿಯನ್ನು ಇಬ್ಬರು ಅಡ್ಮಿನ್‌ಗಳು ಒಟ್ಟಿಗೆ ಕೂತು ಅಳಿಸಿ, ಅಳಿಸಿದ್ದೇವೆ ಎಂಬ ಕೊನೆಯ ಸಾಲು ಬರೆದು ಗುಂಪು ಮುಚ್ಚಲಿ.